ಗೋಗ್ರಾಸ ತಿಂದ ಕುದುರೆ

ಕುದುರೆ ನನ್ನ ಪಾಲಿಗೆ ಬಂದದ್ದು ಶಿಕ್ಷೆಯಾಗಿ. ಮಠದ ಮ್ಯಾನೇಜರರ ದನಿಯಲ್ಲಿ ನಾನು ಅಡುಗೆಮನೆಗೆ ಫೋನು ಮಾಡಿ, "ಸ್ವಾಮಿಗಳ ಅಪ್ಪಣೆ ಆಗೇದ, ಇವತ್ತ ಎಲ್ಲಾರಿಗೂ ಹೋಳಿಗಿ ಮಾಡ್ರಿ" ಎಂದಿದ್ದೆ. ಫೋನು ಎತ್ತಿದ್ದು ನನ್ನ ಅಪ್ಪ. ಮಠದ ಅಡುಗೆಯ ಮುಖ್ಯಸ್ಥರು ಅವರೇ. ಇಪ್ಪತ್ಮೂರು ವರ್ಷ ಸಾಕಿದ ಮಗನ ಗಂಟಲು ಗುರುತಾಗದೆ, "ಆಗ್ಲಿ ಸಾಹೇಬ್ರ" ಎಂದು ಬೇಳೆ ಬೇಯಲಿಟ್ಟರು. ಮಧ್ಯಾಹ್ನ ಪಂಕ್ತಿಯಲ್ಲಿ ಮ್ಯಾನೇಜರರು ಮೂರು ಹೋಳಿಗೆ ತಿಂದು, ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಂಡು, ಆಮೇಲೆ ಕೇಳಿದರು: "ಇವತ್ತೇನು ವಿಶೇಷ?"

ಅಪ್ಪ ನನ್ನ ಕಡೆ ನೋಡಿದರು. ನಾನು ಸಾರಿನ ಬಕೆಟ್ಟಿನ ಕಡೆ ನೋಡಿದೆ.

"ಬಾಯಿ ಭಾಳ ಓಡ್ತದ ನಿಂದು," ಎಂದರು ಮ್ಯಾನೇಜರರು, ನಾಲ್ಕನೆಯದನ್ನು ಮುಗಿಸಿಕೊಂಡು. "ನಾಳೆ ಮಠಕ್ಕ ಕುದುರಿ ಬರ್ತದ. ಅದರ ಮುಂದ ಓಡಸು."

ನಮ್ಮ ಮನೆ ಕಾಶಿಯ ಶಿವಾಲದಲ್ಲಿ, ಮಠ ಅಲ್ಲಿಂದ ಹತ್ತು ನಿಮಿಷದ ದಾರಿ, ಸೋನಾರ್‌ಪುರದ ರಸ್ತೆಯಿಂದ ನದಿಯ ಕಡೆಗೆ ಇಳಿಯುವ ಗಲ್ಲಿಯಲ್ಲಿ. ನಾನು ಹುಟ್ಟಿದ್ದು, ಬೆಳೆದದ್ದು, ಬಿ.ಎ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಎಲ್ಲಾ ಇಲ್ಲೇ. ಶಾಲೆಯಲ್ಲಿ ಹಿಂದಿ, ಗಲ್ಲಿಯಲ್ಲಿ ಭೋಜಪುರಿ. ಮನೆಯಲ್ಲಿ ಅಪ್ಪನ ಕನ್ನಡವಿದ್ದರೂ ನನ್ನದನ್ನು ಮಠಕ್ಕೆ ಬರುವ ಯಾತ್ರಿಕರಿಂದ ಕದ್ದೆ. ಬೀದರಿನವರು ಬಂದು ಮೂರು ದಿನ ಉಳಿದರೆ ನಾಲ್ಕನೆಯ ದಿನ ನಾನು ಬೀದರಿನವನು. ಮಂಗಳೂರಿನವರು ಬಂದರೆ ಅವರು ಹೋಗುವ ಹೊತ್ತಿಗೆ ನನ್ನ ವಾಕ್ಯಗಳು ನೆಟ್ಟಗೆ ಕೂತಿರುತ್ತವೆ. ಎಲ್ಲರ ಕನ್ನಡವೂ ಬರುತ್ತದೆ, ನನ್ನದು ಅಂತ ಒಂದಿಲ್ಲ. ಇದನ್ನು ನಾನು ಬಹಳ ದಿನ ಪ್ರತಿಭೆ ಎಂದು ತಿಳಿದುಕೊಂಡಿದ್ದೆ. ಅಪ್ಪ ಅದನ್ನು ರೋಗ ಎಂದು ಕರೆಯುತ್ತಿದ್ದರು.

ಕುದುರೆ ಬಂತು. ಬಿಳಿ ಹೆಣ್ಣು ಕುದುರೆ, ಬೆನ್ನ ಮೇಲೆ ಜರಿಯ ಹೊದಿಕೆ, ಹಣೆಗೆ ಕನ್ನಡಿ ಹಚ್ಚಿದ ಪಟ್ಟಿ, ಕಣ್ಣಿಗೆ ಕಾಡಿಗೆ. ಹತ್ತು ವರ್ಷ ಬರಾತಿನಲ್ಲಿ, ಅಂದರೆ ಮದುವೆ ಮೆರವಣಿಗೆಯಲ್ಲಿ, ಮದುಮಕ್ಕಳನ್ನು ಹೊತ್ತು ತಿರುಗಿದವಳು. ಬೆಳಗಾವಿ ಕಡೆಯ ಭಕ್ತರೊಬ್ಬರು ಅವಳನ್ನು ಬರಾತಿನ ಗುತ್ತಿಗೆದಾರನಿಂದ ಕೊಂಡು, ಮಠದ ಅಂಗಳದಲ್ಲಿ ನೀರು ಬಿಟ್ಟು, ಧಾರೆ ಎರೆದು ದಾನ ಮಾಡಿದರು. ಆರು ವಾರಕ್ಕೆ ಶಿವರಾತ್ರಿ. ಅಂದಿನ ಮೆರವಣಿಗೆಯಲ್ಲಿ ಅವಳು ಬೆನ್ನ ಮೇಲೆ ನಗಾರಿ ಹೊತ್ತು ಸ್ವಾಮಿಗಳ ಮುಂದೆ ನಡೆಯಬೇಕು. ಭಕ್ತರು ಊರಿಗೆ ಹೊರಡುವಾಗ, "ಹಬ್ಬಕ್ಕ ನಾನು ಬರ್ತೀನ್ರಿ. ಇದು ಸರಿ ಹೋಗಲಿಲ್ಲಂದ್ರ ಗುತ್ತಿಗೆದಾರ ವಾಪಸ್ ತಗೊಂಡು ಬೇರೇದ್ದು ಕೊಡ್ತಾನ, ಮಾತಾಗೇದ" ಎಂದು ಧೈರ್ಯ ಹೇಳಿ ಹೋದರು. ಮಿಕ್ಸರ್ ಕೊಂಡವರು ವಾರಂಟಿ ಕಾರ್ಡು ತೋರಿಸಿದಂತೆ.

ವಾಪಸ್ ಹೋದರೆ ಏನಾಗುತ್ತದೆಂದು ಕೇಳಬೇಕಿರಲಿಲ್ಲ. ಮದುವೆ ಸೀಸನ್ನು ಶುರುವಾಗುವುದರಲ್ಲಿತ್ತು. ಡಿ.ಜೆ. ಲಾರಿಯ ಮುಂದೆ, ಪಟಾಕಿಯ ನಡುವೆ, ತೊಂಬತ್ತು ಕಿಲೋ ಮದುಮಗನನ್ನು ಹೊತ್ತು ಸಂಜೆಗೆ ಎರಡು ಬರಾತು.

ಮ್ಯಾನೇಜರರು ಧಾರವಾಡದ ಕಡೆಯವರು, ಪಂಚಾಂಗ ನೋಡದೆ ಉಗುರೂ ಕತ್ತರಿಸಿಕೊಳ್ಳುವುದಿಲ್ಲ. ತರಬೇತಿಗೆ ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮುಹೂರ್ತ ಇಟ್ಟರು. ಕುದುರೆ ಬಂದದ್ದು ಮಂಗಳವಾರ. ಅವಳಿಗೆ ಮೈ ಹುಷಾರಿದೆಯೇ ಎಂದು ನೋಡುವ ಕಾಲಂ ಅವರ ಪಂಚಾಂಗದಲ್ಲಿರಲಿಲ್ಲ.

ಬಂದ ದಿನವೇ ಇನ್ನೊಂದು ಪದ್ಧತಿಯೂ ಶುರುವಾಯಿತು. ಮಠದಲ್ಲಿ ಉಳಿಯುವವರಲ್ಲಿ ಅರ್ಧ ಜನ ಮಣಿಕರ್ಣಿಕೆಯಲ್ಲಿ ಹಿರಿಯರ ಕರ್ಮ ಮುಗಿಸಿ ಬಂದವರು. ಕರ್ಮ ಮುಗಿದ ಮೇಲೆ ಎಲೆಯಲ್ಲಿ ಅನ್ನ, ಬೆಲ್ಲ, ಬಾಳೆಹಣ್ಣು ಇಟ್ಟು ಹಸುವಿಗೆ ಕೊಡಬೇಕು, ಅದೇ ಗೋಗ್ರಾಸ. ಕಾಶಿಯಲ್ಲಿ ಹಸುವಿಗೇನು ಬರವಿಲ್ಲ, ಆದರೆ ನಮ್ಮ ಗಲ್ಲಿಯ ಹಸುಗಳಿಗೆ ಎಲೆ ಇಳಿಯುವವರೆಗೆ ಕಾಯುವ ಅಭ್ಯಾಸವಿಲ್ಲ. ಅಂದು ಒಬ್ಬ ಅಜ್ಜಿ, ಹಸು ನೂಕಿ ಸೀರೆಯೆಲ್ಲ ಬೆಲ್ಲ ಮಾಡಿಕೊಂಡು, ಅಂಗಳದಲ್ಲಿ ಕಟ್ಟಿದ್ದ ಕುದುರೆಯನ್ನು ಆಸೆಯಿಂದ ನೋಡಿದರು.

"ಸ್ವಾಮಿ, ಇದಕ್ಕೆ ಕೊಡಬೌದಾ?"

ಮ್ಯಾನೇಜರರು ಒಂದು ಕ್ಷಣ ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿದರು. "ಬಿಳೇದದ. ನಾಕ್ ಕಾಲದಾವ. ಹುಲ್ಲು ತಿಂತದ. ಕೊಡ್ರಿ, ನಡೀತದ."

ಸಂಜೆಯೊಳಗೆ ಅವಳು ಐದು ಕುಟುಂಬಗಳ ಪಿತೃಗಳನ್ನು ತೃಪ್ತಿಪಡಿಸಿದಳು.

ಗುರುವಾರ ಒಂಬತ್ತೂಕಾಲಿಗೆ ಕಡಿವಾಣ ತಂದೆವು. ಬಾಯಿಯ ಹತ್ತಿರ ಕಬ್ಬಿಣ ಬಂದದ್ದೇ ಅವಳು ತಲೆಯನ್ನು ಆಕಾಶಕ್ಕೆ ಎತ್ತಿದಳು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋದಳು. ಅಂಗಳದ ತುಂಬ ಜನ, ಎಲ್ಲರಿಗೂ ಕುದುರೆ ವಿದ್ಯೆ ಗೊತ್ತು. ಪೂಜಾರಿಗಳು ಕಿವಿ ಹಿಡಿಯಲು ಹೇಳಿದರು. ಮ್ಯಾನೇಜರರು ಮುಹೂರ್ತ ಮೀರುತ್ತದೆಂದು ಗಡಿಯಾರ ತೋರಿಸಿದರು, ಕುದುರೆಗೆ.

ಅಷ್ಟರಲ್ಲಿ ನನಗೊಂದು ಹೊಳೆಯಿತು. ಅವಳನ್ನು ಕರೆತಂದಿದ್ದ ಗುತ್ತಿಗೆದಾರನ ಆಳು, ಎತ್ತರದ ಮನುಷ್ಯ, ಅಂದು ಅಂಗಳದಲ್ಲಿ ಅವಳನ್ನು ನಿಲ್ಲಿಸಿದ್ದು, ತಿರುಗಿಸಿದ್ದು ಬರೀ ಬಾಯಿಮಾತಿನಲ್ಲಿ. ಅವನ ಬಾಯಲ್ಲಿ ಯಾವಾಗಲೂ ಪಾನ್. ರಸ ಚೆಲ್ಲಬಾರದೆಂದು ಗಲ್ಲ ಮೇಲೆತ್ತಿ ಮಾತಾಡುತ್ತಿದ್ದ. ಮಾತೆಲ್ಲ ಮೂಗಿನಿಂದ ಬರುತ್ತಿತ್ತು. ನಾನು ಓಡಿಹೋಗಿ ಮೂಲೆಯ ಅಂಗಡಿಯಿಂದ ಒಂದು ಪಾನ್ ಹಾಕಿಕೊಂಡು ಬಂದೆ. ಗಲ್ಲ ಎತ್ತಿದೆ. ನಾಲಿಗೆಯಿಂದ ಎರಡು ಸಲ ಲೊಚ್ ಲೊಚ್ ಮಾಡಿ, ಮೂಗಿನಿಂದ ಎಳೆದೆ: "ಚಲಾ ಮಹರಾನೀ, ಚಲಾ. ತನೀ ಬಾಯೇಂ." ನಡಿ ಮಹಾರಾಣಿ, ಸ್ವಲ್ಪ ಎಡಕ್ಕೆ.

ಕುದುರೆ ತಲೆ ಇಳಿಸಿತು. ಕಡಿವಾಣ ತೆಗೆದುಕೊಂಡಿತು. ಎಡಕ್ಕೆ ತಿರುಗಿ, ಅಂಗಳ ಸುತ್ತಿ, ಕೇಳದಿದ್ದರೂ ಮುಂಗಾಲೆತ್ತಿ ಬರಾತಿನ ಕುಣಿತದ ಎರಡು ಹೆಜ್ಜೆಯನ್ನೂ ಹಾಕಿತು.

ಅಂಗಳದಲ್ಲಿ ಚಪ್ಪಾಳೆ. ನನ್ನ ಜೀವಮಾನದಲ್ಲಿ ಪ್ರಾಣಿಯೊಂದು ಮೋಸಹೋದ ಮಿಮಿಕ್ರಿ ಅದೊಂದೇ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, "ರೋಗಕ್ಕೂ ಒಂದು ಉಪಯೋಗ ಇರ್ತದ" ಎಂದರು. ಮೂರು ದಿನ ನಾನು ಆ ಪ್ರದರ್ಶನವನ್ನು ದಿನಕ್ಕೆ ಎರಡು ಆಟ ನಡೆಸಿದೆ. ಬೆನ್ನ ಮೇಲೆ ಖಾಲಿ ಡಬ್ಬ ಕಟ್ಟಿ, ಕೋಲಿನಿಂದ ಬಡಿದು ನಗಾರಿಯ ಅಭ್ಯಾಸವನ್ನೂ ಮಾಡಿಸಿದೆ. ನನ್ನ ಹಲ್ಲು ಕೆಂಪಾದವು.

ಭಾನುವಾರ ಡಾಕ್ಟರಮ್ಮ ಬಂದರು. ಹಾಸನದ ಕಡೆಯವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಕಲಿಸುತ್ತಾರೆ. ಅವರು ಕುದುರೆಗಾಗಿ ಬಂದದ್ದಲ್ಲ, ಅಪ್ಪನ ಸಾರಿಗಾಗಿ ಬಂದದ್ದು. ತಿಂಗಳಿಗೆರಡು ಭಾನುವಾರ ಮಠದಲ್ಲಿ ಉಂಡು, ಕನ್ನಡ ಮಾತಾಡಿ, ಬಾಕ್ಸಿನಲ್ಲಿ ಸಾರು ತುಂಬಿಸಿಕೊಂಡು ಹೋಗುತ್ತಾರೆ. ಅಂದು ಊಟ ಮುಗಿಸಿ ಕೈ ತೊಳೆಯಲು ಹೋದವರು ಕುದುರೆಯ ಬಳಿ ಬಗ್ಗಿ ನೆಲದಿಂದ ಏನೋ ಎತ್ತಿಕೊಂಡರು. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆ.

"ಇದು ದಿನಾ ಹೀಗೆ ಉಗುಳುತ್ತಾ?"

"ಪಾನ್ ಸಹವಾಸ," ಎಂದೆ ನಾನು.

ಅವರು ನಗಲಿಲ್ಲ. ಕುದುರೆಯ ಬಾಯಿಯ ಪಕ್ಕದಿಂದ ಕೈ ಹಾಕಿ, ನಾಲಿಗೆಯನ್ನು ಒಂದು ಕಡೆಗೆ ಹಿಡಿದು, ಮೊಬೈಲಿನ ಬೆಳಕಲ್ಲಿ ಒಳಗೆ ನೋಡಿದರು. ಕೈ ತೆಗೆದಾಗ ಬೆರಳ ತುದಿಯಲ್ಲಿ ರಕ್ತವಿತ್ತು. ಆಮೇಲೆ ಜರಿಯ ಹೊದಿಕೆ ಸರಿಸಿದರು. ಕತ್ತು ಬೆನ್ನಿಗೆ ಸೇರುವ ಎತ್ತರದ ಜಾಗದಲ್ಲಿ ಅಂಗೈಯಗಲ ಹಸಿ ಗಾಯ. ಐದು ದಿನದಿಂದ ನಾವು ಯಾರೂ ಆ ಹೊದಿಕೆ ತೆಗೆದಿರಲಿಲ್ಲ. ಅಷ್ಟು ಚೆನ್ನಾಗಿತ್ತು ಜರಿ.

"ಎಷ್ಟು ವಯಸ್ಸು ಅಂದ್ರು ಇದಕ್ಕೆ?"

"ಆರಂತ್ರೀ," ಎಂದರು ಮ್ಯಾನೇಜರರು.

"ಹತ್ತು ವರ್ಷ ಬರಾತು ಮಾಡಿದೆ, ವಯಸ್ಸು ಆರು. ಹುಟ್ಟೋಕೆ ನಾಲ್ಕು ವರ್ಷ ಮುಂಚೆನೇ ಕೆಲಸಕ್ಕೆ ಸೇರಿತ್ತಾ?" ಎಂದು ಡಾಕ್ಟರಮ್ಮ ಕೇಳಿದರು. "ಹಲ್ಲು ನೋಡಿದ್ರೆ ಹದಿನಾಲ್ಕರ ಮೇಲಿದೆ. ದವಡೆ ಹಲ್ಲಿನ ಅಂಚು ಬ್ಲೇಡಾಗಿದೆ, ಎಡಗೆನ್ನೆ ಒಳಗೆಲ್ಲ ಕೊಯ್ದುಕೊಂಡಿದೆ. ಅದರ ಪಕ್ಕದಲ್ಲೇ ನೀವು ಕಬ್ಬಿಣ ಇಟ್ಟು ಎಳೀತಿದೀರಿ. ಗೊರಸು ಬೆಳೆದು ಚಪ್ಪಲಿ ಆಗಿದೆ. ತರಬೇತಿ ನಿಲ್ಲಿಸಿ."

"ಮುಹೂರ್ತ ಆಗಿಬಿಟ್ಟದಲ್ಲರೀ."

"ಮುಹೂರ್ತ ಆಗಲಿ ಸ್ವಾಮಿ, ಕುದುರೆ ಆಗ್ಬೇಕಲ್ಲ. ಮೊದಲು ರಕ್ತ ಪರೀಕ್ಷೆ. ಗ್ಲಾಂಡರ್ಸ್ ಅಂತ ಒಂದು ಕಾಯಿಲೆ ಇದೆ, ಮದುವೆ ಕುದುರೆಗಳಲ್ಲಿ ಇರುತ್ತೆ, ಮನುಷ್ಯರಿಗೂ ಹತ್ತುತ್ತೆ."

ಮ್ಯಾನೇಜರರು ಕುದುರೆಯಿಂದ ಮೂರು ಹೆಜ್ಜೆ ಹಿಂದೆ ಸರಿದರು. ವರದಿ ಬರುವವರೆಗೂ ಅವರು ಆ ಮೂರು ಹೆಜ್ಜೆಯನ್ನು ವಾಪಸ್ ಇಡಲಿಲ್ಲ.

ಡಾಕ್ಟರಮ್ಮ ಹೇಳುತ್ತಾ ಹೋದರು: ಹಲ್ಲು ಅರದಿಂದ ಉಜ್ಜಬೇಕು, ಧನುರ್ವಾಯುವಿನ ಇಂಜೆಕ್ಷನ್ನು, ಜಂತಿಗೆ ಔಷಧಿ, ಗೊರಸು ಕತ್ತರಿಸುವವನನ್ನು ಕರೆಸಬೇಕು, ಗಾಯ ಮಾಗುವವರೆಗೆ ಬೆನ್ನ ಮೇಲೆ ಒಂದು ಕರ್ಚೀಫೂ ಬೇಡ. ನಾನು ಅವರ ಬೆನ್ನ ಹಿಂದೆ ನಿಂತು ಅದೇ ರೀತಿ ಕನ್ನಡಕ ಮೇಲೇರಿಸಿ, ಬೆರಳು ಮಡಿಸಿ ತೋರಿಸುತ್ತಿದ್ದೆ. ಪೂಜಾರಿಗಳ ಮುಖದಲ್ಲಿ ನಗು ನೋಡಿ ಅವರು ತಿರುಗಿದರು.

"ಓ, ನೀನೇನಾ ಆ ಕಲಾವಿದ. ಎಲ್ಲರನ್ನೂ ಮಾಡ್ತೀಯಂತೆ. ಇವಳನ್ನ ಮಾಡು ನೋಡೋಣ."

"ಯಾರನ್ನ?"

"ಕುದುರೆನ. ಐದು ದಿನ ಜೊತೆಗಿದೀಯಲ್ಲ. ಹೆಂಗೆ ತಿಂತಾಳೆ, ಮಾಡಿ ತೋರಿಸು."

ಜನ ನಿಂತಿದ್ದರು, ನಿಂತ ಜನರನ್ನು ನಿರಾಶೆಗೊಳಿಸಿ ನನಗೆ ಗೊತ್ತಿಲ್ಲ. ಅಂಗಳದಲ್ಲಿ ಬಗ್ಗಿ ನಿಂತು ತಲೆಯನ್ನು ಬಲಕ್ಕೆ ವಾಲಿಸಿದೆ. ಯಾಕೆ ಬಲಕ್ಕೆ ಎಂದು ಯೋಚಿಸಿರಲಿಲ್ಲ, ಅವಳು ಹಾಗೇ ನಿಲ್ಲುತ್ತಿದ್ದಳು. ಅಗಿಯುವಂತೆ ಮಾಡಿದೆ, ಬರೀ ಬಲದವಡೆಯಲ್ಲಿ. ಎಡಗಡೆಯಿಂದ ಉಂಡೆ ಬಿಟ್ಟೆ. ನೀರು ಕುಡಿಯುವಾಗ ಅವಳು ಮಾಡುವಂತೆ ತುಟಿ ಅದ್ದಿ ತಡೆದೆ. ಪೂಜಾರಿಗಳು ಬಿದ್ದುಬಿದ್ದು ನಕ್ಕರು. ನನಗೆ ಮಾತ್ರ ಅರ್ಧ ದಾರಿಯಲ್ಲಿ ನಗು ನಿಂತಿತು. ಹಾಗೆ ತಲೆ ವಾಲಿಸಿ ನಿಂತವನಿಗೆ ಅದು ಯಾವ ನೋವಿನ ಭಂಗಿ ಎಂದು ಕುತ್ತಿಗೆಗೇ ತಿಳಿಯುತ್ತದೆ. ಹಲ್ಲುನೋವು ಬಂದಾಗ ಅಮ್ಮ ಹೀಗೇ ಕೂರುತ್ತಿದ್ದರು.

"ನೋಡು, ನಿನಗೆ ಎಲ್ಲಾ ಗೊತ್ತಿತ್ತು," ಎಂದರು ಡಾಕ್ಟರಮ್ಮ. "ಈಗ ಆ ಪಾನ್ ದನಿ ಮಾಡು. ಮಾಡ್ತಾ ಜನರನ್ನ ನೋಡಬೇಡ, ಅವಳನ್ನ ನೋಡು."

ಪಾನ್ ಇರಲಿಲ್ಲ; ಗಲ್ಲ ಎತ್ತಿ ಹಾಗೇ ಮಾಡಿದೆ. "ಚಲಾ ಮಹರಾನೀ." ಅವಳ ಕಿವಿ ಹಿಂದಕ್ಕೆ ಮಲಗಿದವು. ಕಣ್ಣಿನ ಬಿಳಿ ಕಾಣಿಸಿತು. ತೊಡೆಯ ಚರ್ಮ, ಏಟು ಬೀಳುವ ಮೊದಲೇ ಬಿದ್ದಂತೆ, ಪಟಪಟ ನಡುಗಿತು. ಆಮೇಲೆ ತಲೆ ಇಳಿಸಿ ನಡೆಯಲು ಸಿದ್ಧಳಾದಳು. ನಾನು ಮೂರು ದಿನ ಚಪ್ಪಾಳೆ ತೆಗೆದುಕೊಂಡದ್ದು ಇದಕ್ಕೆ.

ಅವತ್ತು ಸಾರು ತುಂಬಿಸಿಕೊಳ್ಳುವುದನ್ನು ಡಾಕ್ಟರಮ್ಮ ಮರೆತರು. ಅಪ್ಪ ಇ-ರಿಕ್ಷಾದ ಹಿಂದೆ ಬಾಕ್ಸು ಹಿಡಿದು ಸೋನಾರ್‌ಪುರದ ರಸ್ತೆಯವರೆಗೆ ಓಡಿದರು.

ಮುಂದಿನ ಎರಡು ವಾರ ನಾನು ಕುದುರೆಯ ನರ್ಸು. ಬಾಯಿ ತೆರೆದಿಡುವ ಕಬ್ಬಿಣದ ಚೌಕಟ್ಟು ಹಾಕಿ, ಮಂಪರಿನ ಇಂಜೆಕ್ಷನ್ ಕೊಟ್ಟು, ಡಾಕ್ಟರಮ್ಮ ಮೊಣಕೈವರೆಗೆ ಕೈ ಹಾಕಿ ಹಲ್ಲು ಉಜ್ಜಿದರು. ಬಡಗಿಯ ಅಂಗಡಿಯ ಸದ್ದು. ಮಂಪರಿನಲ್ಲಿ ಅವಳ ತಲೆ ಭಾರವಾಗಿ ಪೂರ್ತಿ ನನ್ನ ಹೆಗಲ ಮೇಲೆ ಬಂತು, ಕೆಳತುಟಿ ನನ್ನ ಜೇಬಿನೊಳಗೆ ಇಳಿಬಿದ್ದಿತ್ತು. ಗೊರಸು ಕತ್ತರಿಸುವವನು ಬಂದು ಕತ್ತರಿಸಿದ ಮೇಲೆ ಅವಳು ಹೊಸ ಚಪ್ಪಲಿ ಹಾಕಿಕೊಂಡವರಂತೆ ಒಂದು ದಿನ ನೋಡಿಕೊಂಡು ನೋಡಿಕೊಂಡು ನಡೆದಳು. ಜಂತಿನ ಔಷಧಿಯ ಅರ್ಧ ಅವಳಿಗೆ, ಅರ್ಧ ನನ್ನ ಅಂಗಿಗೆ. ರಕ್ತದ ವರದಿ ಬಂತು, ಗ್ಲಾಂಡರ್ಸ್ ಇಲ್ಲ. ಮ್ಯಾನೇಜರರು ಅಂದು ಮೂರು ಹೆಜ್ಜೆ ಮುಂದೆ ಬಂದು ಅವಳ ಹಣೆಗೆ ವಿಭೂತಿ ಹಚ್ಚಿದರು.

ಗೋಗ್ರಾಸ ಮಾತ್ರ ನಿಲ್ಲಲಿಲ್ಲ. ಕನ್ನಡದಲ್ಲೊಂದು, ಹಿಂದಿಯಲ್ಲೊಂದು ಬೋರ್ಡು ಬರೆದು ಹಾಕಿದೆ: ಕುದುರೆಗೆ ಏನೂ ಕೊಡಬಾರದು. ಜನ ಬೋರ್ಡಿನ ಕೆಳಗೆ ನಿಂತು, ಬೋರ್ಡು ಓದಿ, ಏನೂ ಅಂದರೆ ಬೇರೆ ಏನೂ ಎಂದು ತಿಳಿದು, ಪ್ರಸಾದ ಕೊಡುತ್ತಿದ್ದರು. ಅಜ್ಜಿಯಿಂದ ಶುರುವಾದದ್ದು ಊರೂರಿಗೆ ಹಬ್ಬಿತ್ತು. ಕಾಶಿಯಲ್ಲಿ ಕನ್ನಡದವರ ಮಠದಲ್ಲಿ ಬಿಳಿ ಕುದುರೆಗೆ ಕೊಟ್ಟರೆ ಹಿರಿಯರು ಬೇಗ ತಲುಪುತ್ತಾರಂತೆ. ಕುದುರೆಯ ವೇಗಕ್ಕೆ ಇದು ಸರಿಯಾದ ಲೆಕ್ಕಾಚಾರವೇ. ನಾನು ಡಾಕ್ಟರಮ್ಮನ ದನಿಯಲ್ಲಿ ಗದರಿಸಿ ಕಾವಲು ಕಾಯುತ್ತಿದ್ದೆ.

ಮೂರನೆಯ ವಾರದ ಒಂದು ಬೆಳಿಗ್ಗೆ ಕಾವಲು ಬಿಟ್ಟು ಚಹಾದಂಗಡಿಗೆ ಹೋದೆ. ಅಲ್ಲಿ ಹುಬ್ಬಳ್ಳಿಯವರ ಒಂದು ಗುಂಪಿತ್ತು. ಮ್ಯಾನೇಜರರನ್ನು ಮಾಡಿ ತೋರಿಸು ಎಂದರು. ತೋರಿಸಿದೆ. ಇನ್ನೊಮ್ಮೆ ಎಂದರು. ಹಾಗೆ ಹೇಳಿದರೆ ನಾನು ಗಂಗೆಯಲ್ಲಿ ಮುಳುಗುತ್ತಿದ್ದರೂ ಒಮ್ಮೆ ಮೇಲೆ ಬಂದು ಮಾಡಿ ತೋರಿಸಿಯೇನು. ಮುಕ್ಕಾಲು ಗಂಟೆ ಹೋಯಿತು.

ವಾಪಸ್ ಬಂದಾಗ ಅಂಗಳದಲ್ಲಿ ಏಳು ಎಲೆ ಖಾಲಿ ಬಿದ್ದಿದ್ದವು. ಅನ್ನ, ಗೋಧಿ ಹಿಟ್ಟಿನ ಉಂಡೆ, ಬೆಲ್ಲ, ಸಿಪ್ಪೆ ಸಮೇತ ಬಾಳೆಹಣ್ಣು. ಮೊದಲಾದರೆ ಬಾಯಿನೋವಿಗೆ ಅರ್ಧ ಉಗುಳುತ್ತಿದ್ದಳು. ಈಗ ಹಲ್ಲು ಸರಿ ಮಾಡಿಸಿದ್ದೆವಲ್ಲ, ಒಂದಗುಳು ಬಿಟ್ಟಿರಲಿಲ್ಲ.

ಹತ್ತು ಗಂಟೆಗೆ ಅವಳು ಮುಂಗಾಲಿನಿಂದ ನೆಲ ಕೆರೆಯಲು ಶುರುಮಾಡಿದಳು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿದಳು, ಅಲ್ಲಿ ಯಾರೋ ನಿಂತಿರುವಂತೆ. ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಮೈಯೆಲ್ಲ ಬೆವರು.

ಫೋನಿನಲ್ಲಿ ಡಾಕ್ಟರಮ್ಮ ಕೇಳಿದರು, "ಏನು ತಿಂದಳು?" ಹೇಳಿದೆ.

"ಇದು ಹಸು ಅಲ್ಲ ಕಣೋ. ಕುದುರೆಗೆ ವಾಂತಿ ಮಾಡಕ್ಕೂ ಬರಲ್ಲ. ಹೋಗಿದ್ದು ಹಿಂದಿನಿಂದಲೇ ಬರ್ಬೇಕು, ಇಲ್ಲಾಂದ್ರೆ ಸಾಯುತ್ತೆ. ಹೊರಳಾಡಕ್ಕೆ ಬಿಡಬೇಡ, ನಿಧಾನ ನಡೆಸ್ತಾ ಇರು. ಬರ್ತಿದೀನಿ."

ಅಂಗಳದಲ್ಲಿ ಸುತ್ತು ಹಾಕಿದೆವು, ಅವಳು ಮತ್ತು ನಾನು. ಯಾರ ದನಿಯೂ ಬಾಯಿಗೆ ಬರಲಿಲ್ಲ. ಮ್ಯಾನೇಜರರು ವಿಷಯ ತಿಳಿದು ಓಡಿಬಂದು, ಎಲೆಗಳನ್ನು ನೋಡಿ ನಿಂತರು.

"ನಡೀತದ ಅಂದಾಂವ ನಾನಪಾ," ಎಂದರು ಕೊನೆಗೆ. "ನಾನ ಅಂದಿದ್ದೆ."

"ಕಾವಲು ಬಿಟ್ಟು ಹೋದವನು ನಾನು," ಎಂದೆ. "ಅಲ್ಲಿ ನಿಮ್ಮನ್ನೇ ಮಾಡ್ತಿದ್ದೆ."

"ನನ್ನ?"

"ಹೂಂ."

ಅವರು ಇನ್ನೊಂದು ಕಡೆಯಿಂದ ಹಗ್ಗ ಹಿಡಿದರು. ಮೂವರೂ ನಡೆದೆವು.

ಡಾಕ್ಟರಮ್ಮ ಬಂದು ನೋವಿನ ಇಂಜೆಕ್ಷನ್ ಕೊಟ್ಟರು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಎಣ್ಣೆ ಹೊಯ್ದರು. ಹೊಟ್ಟೆಗೆ ಸ್ಟೆತೊಸ್ಕೋಪು ಇಟ್ಟು ಕೇಳಿ, "ಸದ್ದಿಲ್ಲ. ಲದ್ದಿ ಬಿದ್ರೆ ಬದುಕಿದಳು. ಕಾಯಿರಿ" ಎಂದರು.

ಮಠದಲ್ಲಿ ಅಂಥ ಕಾಯುವಿಕೆಯನ್ನು ನಾನು ನೋಡಿರಲಿಲ್ಲ. ಸ್ವಾಮಿಗಳ ದರ್ಶನಕ್ಕೂ ಜನ ನಡುನಡುವೆ ಫೋನು ನೋಡುತ್ತಾರೆ. ಇಲ್ಲಿ ಮಡಿಯುಟ್ಟ ಪೂಜಾರಿಗಳು, ಬೆಳಿಗ್ಗೆ ಎಲೆ ಇಟ್ಟಿದ್ದ ಯಾತ್ರಿಕರು, ಸೌಟು ಹಿಡಿದ ಅಪ್ಪ, ಎಲ್ಲರೂ ಒಂದೇ ಜಾಗವನ್ನು ದಿಟ್ಟಿಸುತ್ತಾ ಕೂತಿದ್ದರು. ಅವಳು ಬಾಲ ಎತ್ತಿದಾಗಲೆಲ್ಲ ಅಂಗಳವೇ ಎದ್ದು ನಿಲ್ಲುತ್ತಿತ್ತು. ಬರೀ ಬಾಲ ಎಂದು ತಿಳಿದು ಮತ್ತೆ ಕೂರುತ್ತಿತ್ತು. ಎಲೆ ಇಟ್ಟ ಹೆಂಗಸರಲ್ಲಿ ಒಬ್ಬರು ಸಣ್ಣಗೆ ಅಳುತ್ತಿದ್ದರು: "ನಮ್ಮ ಮಾವನ ಹೆಸರಲ್ಲಿ ಕೊಟ್ಟಿದ್ದು. ಬದುಕಿದ್ದಾಗ್ಲೂ ಅವರದ್ದು ಹೊಟ್ಟೇದೇ ತೊಂದರೆ."

ಮೂರು ಗಂಟೆಯ ಸುಮಾರಿಗೆ, ಮ್ಯಾನೇಜರರ ಸರದಿಯಲ್ಲಿ, ಅವರು ಹಗ್ಗ ಹಿಡಿದು ನಡೆಸುತ್ತಿದ್ದಾಗ ಬಿತ್ತು. ಮೊದಲು ಎರಡು ಉಂಡೆ, ಆಮೇಲೆ ಧಾರಾಳವಾಗಿ. ಅವರು ಬಗ್ಗಿ ನೋಡಿದರು. ಬಿ.ಎ.ಯಲ್ಲಿ ನಾನು ಪಾಸಾಗಿದ್ದರೆ ಅಪ್ಪನ ಮುಖ ಹೇಗಾಗುತ್ತಿತ್ತೋ, ಹಾಗೆ ಆಗಿತ್ತು ಅವರ ಮುಖ. "ಬಂತ್ರೀ," ಎಂದರು ಮೆಲ್ಲಗೆ. ಮರುದಿನದಿಂದ ಗೋಗ್ರಾಸದ ಎಲೆ ತಂದವರನ್ನು ಮಠದ ಬಾಗಿಲಲ್ಲೇ ತಡೆದು, ತಾವೇ ಛತ್ರಿ ಹಿಡಿದು ಗಲ್ಲಿಯ ಹಸುಗಳನ್ನು ಸಾಲಾಗಿ ನಿಲ್ಲಿಸಲು ಹೆಣಗುತ್ತಿದ್ದರು.

ಹಬ್ಬಕ್ಕೆ ಎಂಟು ದಿನ ಉಳಿದಾಗ ಬೆನ್ನಿನ ಗಾಯ ಒಂದು ಬೆರಳಿನಷ್ಟಕ್ಕೆ ಇಳಿದಿತ್ತು, ಮುಚ್ಚಿರಲಿಲ್ಲ. ನಗಾರಿ ಬೇಡವೇ ಬೇಡ ಎಂದರು ಡಾಕ್ಟರಮ್ಮ. ಅಂದು ಮ್ಯಾನೇಜರರು ನನ್ನನ್ನು ಒಂದು ಕಡೆ ಕರೆದರು.

"ಭಕ್ತರು ನಗಾರಿ ನೋಡಾಕ ಬರ್ತಾರ. ಹೊರಲಿಲ್ಲಂದ್ರ ವಾಪಸ್ ಕಳಸ್ತಾರ. ಒಂದ ಒಂದು ದಿನ, ಆ ಪಾನಿನ ದನಿ ತಗದ್ರ ಹೊರ್ತಾಳೇನು?"

"ಹೊರ್ತಾಳೆ," ಎಂದೆ. ಅದು ನಿಜವಾಗಿತ್ತು. ಗಾಯ ಒಡೆದು ರಕ್ತ ಬಂದರೂ ಹೊರುತ್ತಿದ್ದಳು, ಆ ಎರಡು ಹೆಜ್ಜೆ ಕುಣಿತವನ್ನೂ ಕುಣಿಯುತ್ತಿದ್ದಳು.

"ಮಾಡ್ತಿ ಏನು ಹಂಗಾರ?"

ಜೀವನದಲ್ಲಿ ಮೊದಲ ಸಲ ಮ್ಯಾನೇಜರರೇ ನನ್ನನ್ನು ಕರೆದು ಮಿಮಿಕ್ರಿ ಮಾಡು ಎನ್ನುತ್ತಿದ್ದರು. "ಇಲ್ಲ ಸಾಹೇಬ್ರೆ, ಆ ದನಿ ಬಿಟ್ಟಿದೀನಿ," ಎಂದೆ. ಅವರು ಬೈಯುತ್ತಾರೆಂದು ಕಾದೆ. ಅವರು ಕುದುರೆಯ ಕಡೆ ನೋಡಿ, "ವಾಪಸ್ ಕಳಸಿದ್ರ ಹ್ಯಾಂಗ?" ಎಂದು ನನ್ನನ್ನೇ ಕೇಳಿದರು. ನಾನು ಅವಳ ನೀರಿನ ಬಕೆಟ್ಟು ತುಂಬಲು ಹೋದೆ.

ಶಿವರಾತ್ರಿಯ ದಿನ ನಗಾರಿ ಇ-ರಿಕ್ಷಾದ ಮೇಲೆ ಬಂತು. ಹಿಂದಿನ ಸೀಟಿನಲ್ಲಿ ನಗಾರಿ, ಪಕ್ಕದಲ್ಲಿ ಬಾರಿಸುವವನು, ಮುಂದೆ ಡ್ರೈವರ್, ರಿಕ್ಷಾದ ನೆತ್ತಿಗೆ ಚೆಂಡುಹೂವಿನ ಹಾರ. ಅದರ ಮುಂದೆ ನಾನು ಮತ್ತು ಅವಳು. ಬೆನ್ನ ಮೇಲೆ ಏನೂ ಇಲ್ಲ, ಬಾಯಲ್ಲಿ ಕಬ್ಬಿಣವಿಲ್ಲ, ಮುಖಕ್ಕೆ ಕಟ್ಟಿದ ಹಗ್ಗವಷ್ಟೆ. ಬೆಳಗಾವಿಯ ಭಕ್ತರು ಮಠದ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಅವರ ಜೊತೆಗೆ, ಮಾತಾಗಿದ್ದಂತೆ, ಗುತ್ತಿಗೆದಾರನ ಆ ಎತ್ತರದ ಆಳೂ ಬಂದಿದ್ದ.

"ಇದೇನ್ರೀ, ನನ್ನ ಕುದುರಿ ಖಾಲಿ, ಆಟೋದಾಗ ನಗಾರಿ," ಎಂದರು ಭಕ್ತರು. "ಬ್ಯಾಡ ಬಿಡ್ರಿ. ಇವ ಇವತ್ತ ತಗೊಂಡು ಹೋಗ್ತಾನ. ಬ್ಯಾರೇದ್ದು ಗಟ್ಟಿಮುಟ್ಟಾದ್ದು ಕೊಡಸ್ತೀನಿ."

ಆಳು ಗಲ್ಲ ಎತ್ತಿ ಮುಂದೆ ಬಂದ. "ಕಾ ಹೋ ಮಹರಾನೀ," ಎಂದ ಮೂಗಿನಿಂದ, ನಾಲಿಗೆ ಲೊಚಗುಟ್ಟಿಸಿ. ನನ್ನದಕ್ಕಿಂತ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅವಳಿಗೆ ಸಾಕಾಯಿತು. ಕಿವಿ ಮಲಗಿದವು, ಚರ್ಮ ನಡುಗಿತು, ಹಿಂದೆ ಹಿಂದೆ ಸರಿದು ಇ-ರಿಕ್ಷಾಕ್ಕೆ ಹಿಂಭಾಗ ತಗುಲಿ ಒಳಗಿನ ನಗಾರಿ ಧಿಂ ಎಂದಿತು. ಇನ್ನೂ ಹಿಂದೆ ಹೋಗಲು ಜಾಗವಿಲ್ಲದೆ ಅವಳು ಪಕ್ಕದಲ್ಲಿದ್ದ ಮ್ಯಾನೇಜರರ ಜರತಾರಿ ಶಾಲಿನೊಳಗೆ ಮುಖ ತೂರಿಸಿ ನಿಂತಳು.

ಮ್ಯಾನೇಜರರು ಅಲುಗಾಡಲಿಲ್ಲ. "ಯಜಮಾನ್ರ," ಎಂದರು, "ನೀವು ಧಾರಿ ಎರದ್ರಿ. ನೀರು ಬಿಟ್ರಿ. ಬಿಟ್ಟ ನೀರು ಹೊಳ್ಳಿ ಗಿಂಡ್ಯಾಗ ತುಂಬೂದಿಲ್ಲ. ದಾನ ಕೊಟ್ಟದ್ದು ಹಿಂದ ತಗೊಂಡ್ರ ಕೊಟ್ಟವ್ರಿಗೂ ದೋಷ, ಬಿಟ್ಟುಕೊಟ್ಟವ್ರಿಗೂ ದೋಷ. ಶಾಸ್ತ್ರ ತಗದು ತೋರಿಸ್ಲೇನು?"

"ಅಲ್ರೀ, ಮಾತಾಗಿತ್ತು..."

"ಮಾತು ಅಂವನ ಜೋಡಿ ಆಗಿತ್ತು. ನೀರು ಶಿವನ ಮುಂದ ಬಿಟ್ರಿ."

ಭಕ್ತರು ಒಂದು ಕ್ಷಣ ಲೆಕ್ಕ ಹಾಕಿದರು. ಶಿವರಾತ್ರಿಯ ದಿನ, ಕಾಶಿಯಲ್ಲಿ, ಇಷ್ಟು ಜನರೆದುರು ಶಿವನಿಂದ ಕುದುರೆ ವಾಪಸ್ ಕೇಳುವುದು ಅಷ್ಟು ಸುಲಭವಲ್ಲ. "ಇರ್ಲಿ ಬಿಡ್ರಿ," ಎಂದರು. "ಆದರ ನಗಾರಿ ಯಾವಾಗ?"

"ಡಾಕ್ಟರಮ್ಮ ಅಂದಾಗ," ಎಂದರು ಮ್ಯಾನೇಜರರು. ಪಂಚಾಂಗದ ಮಾತೆತ್ತಲಿಲ್ಲ.

ಆಳು ಪಾನಿನ ರಸವನ್ನು ಚರಂಡಿಗೆ ಉಗಿದು ಹೊರಟುಹೋದ. ಮೆರವಣಿಗೆ ಮುಂದೆ ಹೋಯಿತು. ಮ್ಯಾನೇಜರರು ಶಾಲು ಬಿಡಿಸಿಕೊಳ್ಳಲಾಗದೆ ಅವಳ ಪಕ್ಕದಲ್ಲೇ ನಡೆದರು. ಶಾಲಿನ ಜರಿಯಲ್ಲಿ ಸ್ವಲ್ಪವನ್ನು ಅವಳು ತಿಂದೂಬಿಟ್ಟಳು. ಆ ಸಂಜೆ ನಾವು ಮತ್ತೊಮ್ಮೆ ಲದ್ದಿ ಪರೀಕ್ಷಿಸಬೇಕಾಯಿತು.

ತರಬೇತಿ ಶುರುವಾದದ್ದು ಇನ್ನೂ ಹದಿನೆಂಟು ದಿನದ ಮೇಲೆ, ಗಾಯದ ಜಾಗದಲ್ಲಿ ಹೊಸ ಕೂದಲು ಬಂದಾಗ. ಅಂಗಳದಲ್ಲಿ ಯಾರೂ ಇರಲಿಲ್ಲ. ಡಾಕ್ಟರಮ್ಮ ಜನ ಬೇಡವೆಂದಿದ್ದರು. ಏನು ಹೇಳಿ ಕರೆಯಬೇಕೆಂದು ತಿಳಿಯದೆ ನಾನು ಹಗ್ಗ ಹಿಡಿದು ನಿಂತಿದ್ದೆ. ಕೊನೆಗೆ, "ಬಾ, ಹೋಗೋಣ," ಎಂದೆ. ದನಿ ಸ್ವಲ್ಪ ಒಡಕಾಗಿತ್ತು, ಯಾವ ಜಿಲ್ಲೆಯದೂ ಅಲ್ಲ. ಅವಳು ಬರಲಿಲ್ಲ. ಮತ್ತೆ ಹೇಳಿದೆ. ಕಿವಿ ಒಂದು ಮುಂದೆ, ಒಂದು ಹಿಂದೆ ಮಾಡಿ ಯೋಚಿಸಿದಳು. ಆಮೇಲೆ ಎಡಕ್ಕೆ ತಿರುಗಿ ನಲ್ಲಿಯವರೆಗೆ ಇಪ್ಪತ್ತು ಹೆಜ್ಜೆ ಬಂದಳು. "ಇವತ್ತಿಗೆ ಸಾಕು," ಎಂದರು ಡಾಕ್ಟರಮ್ಮ.

ಇಪ್ಪತ್ತೇ ಹೆಜ್ಜೆ ಎಂದು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಸಾರು ಬಡಿಸುತ್ತಾ, "ನಾಳೆ ನೀನೂ ಅಷ್ಟು ದೂರ ನಡದು ಬಿ.ಎ. ಫಾರಂ ತಗೊಂಡು ಬಾ," ಎಂದರು.